ದಾವಣಗೆರೆಯ ಬಿಸಿಲಿನಲ್ಲಿ ಪುಟ್ಟ ಐಸ್‌ಕ್ರೀಮ್ ಯಂತ್ರ: ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗಿನ ಟಿಪ್ಪಣಿಗಳು

ಮಾರ್ಚ್, ಯಂತ್ರ ಬಂದ ವಾರ

ಮನೆಬಳಕೆಯ ಚಿಕ್ಕ ಐಸ್‌ಕ್ರೀಮ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಗುವುದು ಎರಡು ಬಗೆ. ಮೊದಲನೆಯದರಲ್ಲಿ ಫ್ರಿಜ್ಜಿನಂತೆ ಕಂಪ್ರೆಸರ್ ಒಳಗೇ ಇರುತ್ತದೆ. ಬೇಕೆಂದಾಗ ತಂಪು ಸಿಗುತ್ತದೆ, ಆದರೆ ಯಂತ್ರ ಭಾರ, ಬೆಲೆಯೂ ಭಾರ, ಅಡುಗೆಕಟ್ಟೆಯ ಅರ್ಧ ಜಾಗ ಅದಕ್ಕೇ ಬೇಕು. ಎರಡನೆಯದರಲ್ಲಿ ಇರುವುದು ಎರಡು ಗೋಡೆಗಳ ಒಂದು ಬಟ್ಟಲು, ಗೋಡೆಗಳ ನಡುವೆ ಹೆಪ್ಪುಗಟ್ಟುವ ದ್ರವ, ಮುಚ್ಚಳದ ಮೇಲೆ ಸಣ್ಣ ಮೋಟಾರು ಮತ್ತು ಅದಕ್ಕೆ ಸಿಕ್ಕಿಸಿದ ಪ್ಲಾಸ್ಟಿಕ್ ಅಲಗು, ಇಷ್ಟೇ. ನಾವು ತರಿಸಿಕೊಂಡದ್ದು ಈ ಎರಡನೆಯ ಬಗೆಯದು, ಒಂದು ಲೀಟರ್ ಬಟ್ಟಲಿನದು. ಮಿಶ್ರಣ ಉಬ್ಬುವುದಕ್ಕೆ ಜಾಗ ಬೇಕಾದ್ದರಿಂದ ಒಮ್ಮೆಗೆ ಅರ್ಧ ಲೀಟರಿಗಿಂತ ಹೆಚ್ಚು ಹಾಕುವಂತಿಲ್ಲ. ನಾಲ್ಕು ಜನರ ಮನೆಗೆ ಅದು ಸಾಕು.

ಕೆಲಸದ ತತ್ತ್ವ ಹೊಸದಲ್ಲ. ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬಾಕೆ 1843ರಲ್ಲಿ ಪೇಟೆಂಟ್ ಪಡೆದ ಕೈತಿರುಗಣೆಯ ಯಂತ್ರದಲ್ಲಿಯೂ ಹೊರಗೆ ಮಂಜುಗಡ್ಡೆ ಮತ್ತು ಉಪ್ಪು, ಒಳಗೆ ಹಾಲಿನ ಡಬ್ಬಿ, ಅದರ ಗೋಡೆಯನ್ನು ಸದಾ ಕೆರೆಯುತ್ತಿರುವ ಅಲಗು ಇದ್ದವು. ಮಂಜುಗಡ್ಡೆಗೆ ಉಪ್ಪು ಬೆರೆತರೆ ಉಷ್ಣತೆ ಮೈನಸ್ 21 ಡಿಗ್ರಿಯವರೆಗೂ ಇಳಿಯಬಲ್ಲದು. ಇಲ್ಲಿ ಆ ಮಂಜುಗಡ್ಡೆಯ ಜಾಗಕ್ಕೆ ಬಟ್ಟಲಿನ ಗೋಡೆಯೊಳಗಿನ ದ್ರವ ಬಂದಿದೆ, ಕೈಯ ಜಾಗಕ್ಕೆ ಮೋಟಾರು ಬಂದಿದೆ. ಹಾಗಾಗಿ ಈ ಯಂತ್ರ ತಂಪನ್ನು ತಾನಾಗಿ ಹುಟ್ಟಿಸುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಅದು ಕಲಕುತ್ತದೆ, ಕೆರೆಯುತ್ತದೆ. ತಂಪು ಬರಬೇಕಾದದ್ದು ನಮ್ಮ ಫ್ರೀಜರಿನಿಂದ.

ಬಟ್ಟಲನ್ನು ಮೈನಸ್ 18 ಡಿಗ್ರಿಯಲ್ಲಿ ಒಂದು ಹಗಲು, ಒಂದು ರಾತ್ರಿ ಇಡಬೇಕು. ಹಿಡಿದು ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಕೇಳಿಸಿದರೆ ಅದು ಇನ್ನೂ ಸಿದ್ಧವಾಗಿಲ್ಲ. ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಿ ಈ ಬಟ್ಟಲು ಎತ್ತರದಿಂದಾಗಿ ಕೂರುವುದೇ ಕಷ್ಟ, ಕೂತರೂ ಅಲ್ಲಿ ಅಷ್ಟು ತಂಪು ಸಿಗುವುದು ಅಪರೂಪ. ಕೊಳ್ಳುವ ಮುನ್ನ ಟೇಪ್ ಹಿಡಿದು ಫ್ರೀಜರಿನ ಎತ್ತರ ಅಳೆಯುವುದು ಒಳ್ಳೆಯದು. ನಮ್ಮದು ಎರಡು ಬಾಗಿಲಿನದು. ಒಳಗಿಟ್ಟ ಥರ್ಮಾಮೀಟರು ಬೆಳಗಿನ ಜಾವ ಮೈನಸ್ 18 ತೋರಿಸಿದರೆ, ಮಕ್ಕಳು ತಣ್ಣೀರಿಗೆಂದು ಫ್ರಿಜ್ಜಿನ ಬಾಗಿಲು ತೆಗೆದು ಹಾಕುವ ಮಧ್ಯಾಹ್ನ ಮೈನಸ್ 14ರ ಆಸುಪಾಸಿಗೆ ಬರುತ್ತದೆ. ಆದ್ದರಿಂದ ಕಲಕುವ ಕೆಲಸವನ್ನು ಬೆಳಗಿನ ಕಾಫಿಗೆ ಮುಂಚೆಯೇ ಮುಗಿಸುವುದೆಂದು ಗೊತ್ತುಮಾಡಿಕೊಂಡಿದ್ದೇವೆ.

ಏಪ್ರಿಲ್, ತಂಪಿನ ಲೆಕ್ಕ

ಊರಿನ ಬಿಸಿಲು ಏರಿದ ಮೇಲೆ ಈ ಯಂತ್ರದ ಸ್ವಭಾವ ಚೆನ್ನಾಗಿ ಅರ್ಥವಾಗುತ್ತಿದೆ. ಹೆಪ್ಪುಗಟ್ಟಿದ ಬಟ್ಟಲು ಒಮ್ಮೆ ತುಂಬಿಸಿಟ್ಟ ನೀರಿನ ಟ್ಯಾಂಕಿನಂತೆ: ಇದ್ದಷ್ಟೇ ತಂಪು, ಮುಗಿದರೆ ಮುಗಿಯಿತು, ನಡುವೆ ತುಂಬಿಸಿಕೊಳ್ಳುವಂತಿಲ್ಲ. ಆ ತಂಪು ಎಲ್ಲಿ ಖರ್ಚಾಗುತ್ತದೆ ಎಂಬ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ. ಅರ್ಧ ಕಿಲೋ ಮಿಶ್ರಣದಲ್ಲಿ ಸುಮಾರು 310 ಗ್ರಾಂ ನೀರಿರುತ್ತದೆ. ಯಂತ್ರದಿಂದ ಹೊರತೆಗೆಯುವಾಗ, ಅಂದರೆ ಮೈನಸ್ 5 ಡಿಗ್ರಿಯ ಹೊತ್ತಿಗೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಪ್ಪುಗಟ್ಟಿರುತ್ತದೆ. ಒಂದು ಗ್ರಾಂ ನೀರು ಹೆಪ್ಪುಗಟ್ಟಲು 80 ಕ್ಯಾಲರಿ ಶಾಖವನ್ನು ಹೊರಗೆ ಬಿಡಬೇಕು. ಆ ಲೆಕ್ಕಕ್ಕೆ 155 ಗ್ರಾಂ ನೀರಿನಿಂದ 12 ಕಿಲೋಕ್ಯಾಲರಿಗಿಂತ ತುಸು ಹೆಚ್ಚು. ಇನ್ನು ಮಿಶ್ರಣವನ್ನು ಅಡುಗೆಮನೆಯ 30 ಡಿಗ್ರಿ ಬಿಸಿಯಲ್ಲಿಯೇ ಬಟ್ಟಲಿಗೆ ಸುರಿದರೆ, ಅದನ್ನು 5 ಡಿಗ್ರಿಗೆ ಇಳಿಸುವುದಕ್ಕೇ ಸುಮಾರು 10 ಕಿಲೋಕ್ಯಾಲರಿ ಬೇಕಾಗುತ್ತದೆ. ಹೆಪ್ಪುಗಟ್ಟಿಸುವುದಕ್ಕೆಂದು ಕೂಡಿಟ್ಟ ತಂಪಿನಲ್ಲಿ ದೊಡ್ಡ ಪಾಲು ಬರಿಯ ತಣಿಸುವುದಕ್ಕೇ ಹೋಗಿಬಿಡುತ್ತದೆ. ಇಪ್ಪತ್ತು ನಿಮಿಷ ಕಲಕಿದರೂ ಮಿಶ್ರಣ ಲಸ್ಸಿಯ ಹದದಲ್ಲೇ ನಿಂತಿದೆ ಎಂದು ಯಂತ್ರವನ್ನು ಬೈಯುವವರು ಈ ಲೆಕ್ಕವನ್ನೊಮ್ಮೆ ಹಾಕಬೇಕು.

ಹೀಗಾಗಿ ಮಿಶ್ರಣ ಹಿಂದಿನ ದಿನವೇ ಸಿದ್ಧವಾಗಿ, ರಾತ್ರಿಯೆಲ್ಲ ಫ್ರಿಜ್ಜಿನ ಒಳಭಾಗದಲ್ಲಿ 4 ಡಿಗ್ರಿಯ ಹತ್ತಿರ ಇರಬೇಕು. ಇದರಿಂದ ತಂಪಿನ ಉಳಿತಾಯ ಮಾತ್ರವಲ್ಲದೆ ಬೇರೆ ಲಾಭವೂ ಇದೆ: ಹಾಲಿನ ಕೊಬ್ಬು ಭಾಗಶಃ ಗಟ್ಟಿಯಾಗುತ್ತದೆ, ಹಾಲಿನ ಪ್ರೋಟೀನು ನೀರನ್ನು ಹೀರಿಕೊಳ್ಳುತ್ತದೆ, ಕಲಕುವಾಗ ಗಾಳಿ ಚೆನ್ನಾಗಿ ನಿಲ್ಲುತ್ತದೆ. ಕಾಯಿಸಿದ ಮಿಶ್ರಣವನ್ನು ಬೇಗ ಆರಿಸುವುದು ನಮ್ಮೂರಿನ ಏಪ್ರಿಲ್‌ನಲ್ಲಿ ಸುಲಭದ ಕೆಲಸವಲ್ಲ. ತಾರಸಿಯ ಟ್ಯಾಂಕಿನಿಂದ ಬರುವ ನೀರೇ ಸ್ನಾನಕ್ಕೆ ಹಿತವಾಗುವಷ್ಟು ಬಿಸಿಯಾಗಿರುತ್ತದೆ. ಅಗಲವಾದ ಬೋಗುಣಿಯಲ್ಲಿ ಎರಡು ಟ್ರೇ ಐಸ್ ಹಾಕಿ, ಅದರೊಳಗೆ ಪಾತ್ರೆ ಇಟ್ಟು ಸೌಟಿನಿಂದ ತಿರುವುತ್ತಿದ್ದರೆ ಬೇಗ ತಣಿಯುತ್ತದೆ.

ಇನ್ನೊಂದು ಕ್ರಮವನ್ನು ಇಲ್ಲಿಯೇ ಬರೆದಿಡುತ್ತೇನೆ. ಮೋಟಾರು ತಿರುಗಲು ಆರಂಭಿಸಿದ ಮೇಲೆಯೇ ಮುಚ್ಚಳದ ತೂತಿನಿಂದ ಮಿಶ್ರಣವನ್ನು ಸುರಿಯಬೇಕು. ಮೊದಲೇ ಸುರಿದರೆ ಗೋಡೆಗೆ ತಾಗಿದ ಪದರ ಕ್ಷಣದಲ್ಲಿ ಗಟ್ಟಿಯಾಗಿ ಅಲಗು ಸಿಕ್ಕಿಕೊಳ್ಳುತ್ತದೆ. ಈ ಮೋಟಾರು ಮಿಕ್ಸಿಯ ಮೋಟಾರಿನಂತೆ ಬಲಶಾಲಿಯಲ್ಲ. ಸದ್ದು ಮಾತ್ರ ಬಲವಾಗಿದೆ.

ಮೇ, ಬೆಣ್ಣೆಯ ಮಿಶ್ರಣ

ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಐಸ್‌ಕ್ರೀಮ್ ಎಂಬ ಹೆಸರಿನಲ್ಲಿ ಮಾರುವುದಕ್ಕೆ ಹಾಲಿನ ಕೊಬ್ಬು ಶೇ. 10ಕ್ಕಿಂತ, ಒಟ್ಟು ಘನಾಂಶ (ನೀರನ್ನು ಬಿಟ್ಟು ಉಳಿದದ್ದೆಲ್ಲ) ಶೇ. 36ಕ್ಕಿಂತ ಕಡಿಮೆ ಇರಕೂಡದು. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಬಳಸಿದರೆ ಅದು ‘ಫ್ರೋಜನ್ ಡೆಸರ್ಟ್’ ಆಗುತ್ತದೆ, ಡಬ್ಬಿಯ ಮೇಲೆ ಹಾಗೆಯೇ ಬರೆದಿರುತ್ತದೆ. ಮನೆಯಲ್ಲಿ ಮಾಡುವವರಿಗೆ ನಿಯಮದ ಬಾಧೆ ಇಲ್ಲವಾದರೂ ಆ ಅಂಕಿಗಳು ಅನುಭವದಿಂದ ಬಂದವು, ಗುರಿಯಾಗಿಟ್ಟುಕೊಳ್ಳಲು ತಕ್ಕವು. ಬರಿಯ ಹಾಲಿನಿಂದ ಶೇ. 10 ಕೊಬ್ಬು ಸಿಗುವುದಿಲ್ಲ. ಪ್ಯಾಕೆಟ್ ಕ್ರೀಮ್ ಬೆರೆಸುವುದು ಎಲ್ಲರೂ ಹಿಡಿಯುವ ದಾರಿ. ಬೆಣ್ಣೆದೋಸೆಯ ಊರಿನಲ್ಲಿ ಕೂತು ಕ್ರೀಮ್ ಹುಡುಕಿಕೊಂಡು ಹೋಗಲು ನನಗೆ ಮನಸ್ಸಾಗಲಿಲ್ಲ. ಉಪ್ಪಿಲ್ಲದ ಬಿಳಿ ಬೆಣ್ಣೆ ಇಲ್ಲಿ ದಿನವೂ ಸಿಗುತ್ತದೆ.

ಬೆಣ್ಣೆಯಲ್ಲಿ ಎರಡು ತೊಡಕುಗಳಿವೆ. ಮೊಸರು ಕಡೆದು ತೆಗೆದದ್ದಾದ್ದರಿಂದ ಅದರಲ್ಲಿ ಮಜ್ಜಿಗೆಯ ಹುಳಿ ಉಳಿದಿರುತ್ತದೆ. ತಣ್ಣೀರಿನಲ್ಲಿ ಹಾಕಿ, ಬೆರಳಿನಿಂದ ಒತ್ತಿ, ನೀರು ತಿಳಿಯಾಗುವವರೆಗೆ ತೊಳೆದರೆ ಹುಳಿ ಬಹುಪಾಲು ಹೋಗುತ್ತದೆ. ಉಳಿದ ಅಲ್ಪ ಹುಳಿ ತಿನ್ನುವಾಗ ಹಿತವಾಗಿಯೇ ಇರುತ್ತದೆ. ಎರಡನೆಯದು ನೀರಿನ ಪ್ರಮಾಣ. ತಂದ ಬೆಣ್ಣೆಯಲ್ಲಿ 100 ಗ್ರಾಂ ತೂಗಿ ಕಾಯಿಸಿ ನೋಡಿದಾಗ ಸುಮಾರು 80 ಗ್ರಾಂ ತುಪ್ಪ ಬಂದಿತು, ಹಾಗಾಗಿ ಕೊಬ್ಬು ಶೇ. 80 ಎಂದು ಹಿಡಿದೆ. ಅದರ ಮೇಲೆ ಹಾಕಿಕೊಂಡ ಪ್ರಮಾಣ ಹೀಗಿದೆ: ಶೇ. 4.5 ಕೊಬ್ಬಿನ ಹಾಲು 335 ಗ್ರಾಂ, ಬೆಣ್ಣೆ 42 ಗ್ರಾಂ, ಸಕ್ಕರೆ 75 ಗ್ರಾಂ, ಕೆನೆ ತೆಗೆದ ಹಾಲಿನ ಪುಡಿ 25 ಗ್ರಾಂ, ಕಾರ್ನ್‌ಫ್ಲೋರ್ 5 ಗ್ರಾಂ. ಇದರಲ್ಲಿ ಕೊಬ್ಬು ಶೇ. 10, ಸಕ್ಕರೆ ಶೇ. 15ಕ್ಕೆ ಸ್ವಲ್ಪ ಮೇಲೆ, ಒಟ್ಟು ಘನಾಂಶ ಶೇ. 37ರ ಮೇಲೆ ಬರುತ್ತದೆ. ಹಾಲಿನ ಪುಡಿಯನ್ನು ಇದಕ್ಕಿಂತ ಬಹಳ ಏರಿಸಿದರೆ ಅದರಲ್ಲಿರುವ ಲ್ಯಾಕ್ಟೋಸ್ ಸಕ್ಕರೆ ಕೆಲವು ದಿನಗಳಲ್ಲಿ ಹರಳುಗಟ್ಟಿ ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ.

ಹಾಲಿನ ಪುಡಿ, ಸಕ್ಕರೆ, ಕಾರ್ನ್‌ಫ್ಲೋರ್ ಮೂರನ್ನೂ ಒಣಗಿದ್ದಾಗಲೇ ಬೆರೆಸಿ ತಣ್ಣನೆಯ ಹಾಲಿಗೆ ಹಾಕಿ, ತಳ ಹಿಡಿಯದಂತೆ ತಿರುವುತ್ತ ಒಂದು ಕುದಿ ಬರಿಸಬೇಕು. ಕಾರ್ನ್‌ಫ್ಲೋರಿನ ಪಿಷ್ಟ ಬೇಯದೆ ನೀರನ್ನು ಹಿಡಿಯುವುದಿಲ್ಲ. ಆವಿಯಾಗಿ ಹೋದ ನೀರಿನ ತೂಕವನ್ನು ತಕ್ಕಡಿಯ ಮೇಲೆ ನೋಡಿ ಹಾಲಿನಿಂದಲೇ ತುಂಬಿಕೊಳ್ಳುತ್ತೇನೆ. 65 ಡಿಗ್ರಿಗೆ ಇಳಿದ ಮೇಲೆ ಬೆಣ್ಣೆಯ ಸರದಿ. ಇಲ್ಲಿ ಸೌಟಿನ ಕೆಲಸ ಸಾಲದು. ಹಾಲಿನಲ್ಲಿರುವಾಗ ಕೊಬ್ಬಿನ ಪ್ರತಿಯೊಂದು ಕಣಕ್ಕೂ ಒಂದು ತೆಳುವಾದ ಹೊದಿಕೆ ಇರುತ್ತದೆ. ಕಡೆಯುವಾಗ ಅದು ಹರಿದು ಬಹುಪಾಲು ಮಜ್ಜಿಗೆಗೆ ಹೋಗಿಬಿಡುತ್ತದೆ. ಹೊದಿಕೆ ಕಳೆದುಕೊಂಡ ಬೆಣ್ಣೆ ಹಾಲಿನಲ್ಲಿ ಮತ್ತೆ ಒಂದಾಗಬೇಕಾದರೆ ಅದನ್ನು ಬಹಳ ಸಣ್ಣ ಹನಿಗಳಾಗಿ ಒಡೆಯಬೇಕು, ಆ ಹನಿಗಳನ್ನು ಹಾಲಿನ ಪ್ರೋಟೀನು ಸುತ್ತಿಕೊಳ್ಳಬೇಕು. ಮೊಟ್ಟೆ ಬಳಸುವವರಿಗೆ ಹಳದಿಯ ಲೆಸಿಥಿನ್ ಈ ಕೆಲಸ ಮಾಡಿಕೊಡುತ್ತದೆ. ನಮ್ಮದು ಮೊಟ್ಟೆ ಬಾರದ ಮನೆ, ಹಾಗಾಗಿ ಹಾಲಿನ ಪುಡಿ ಮತ್ತು ಮಿಕ್ಸಿಯೇ ಗತಿ. ಜಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿಸದೆ, ಬಿಸಿಯ ಆವಿಗೆ ಮುಚ್ಚಳ ಹಾರದಂತೆ ಬಟ್ಟೆ ಹಿಡಿದು, ಎರಡು ನಿಮಿಷ ಜೋರಾಗಿ ತಿರುಗಿಸಿದಾಗ ಮೇಲ್ಮೈಯಲ್ಲಿ ತೇಲುತ್ತಿದ್ದ ಹಳದಿ ಕಣ್ಣುಗಳು ಒಂದೂ ಉಳಿಯಲಿಲ್ಲ. ಚಮಚದ ಬೆನ್ನಿನ ಮೇಲೆ ಮಿಶ್ರಣ ಸಮನಾದ ಬಿಳಿಯ ಪದರವಾಗಿ ನಿಂತಿತು. ಆ ಕಣ್ಣುಗಳು ಉಳಿದರೆ ಕಲಕುವಾಗ ಬೆಣ್ಣೆ ಮತ್ತೆ ಕಾಳುಕಾಳಾಗಿ, ತಿನ್ನುವಾಗ ಬಾಯಿಯ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ಏಲಕ್ಕಿಯನ್ನು ಬಿಟ್ಟರೆ ಇದಕ್ಕೆ ಬೇರೇನನ್ನೂ ಸೇರಿಸಲಿಲ್ಲ. ಅತ್ತೆಯವರು ಮೊದಲ ಚಮಚಕ್ಕೆ, ‘ಇದರಾಗ ಬೆಣ್ಣಿ ಐತಿ ಅಂತ ಹೇಳದೇ ಬ್ಯಾಡ, ಬಾಯಿಗೇ ಗೊತ್ತಾಗತೈತಿ’ ಎಂದರು. ಮಿರ್ಚಿ, ಮಂಡಕ್ಕಿ ತಿಂದ ಸಂಜೆ ಇದನ್ನು ಬಡಿಸಿದರೆ ನನ್ನ ಅಭಿಪ್ರಾಯದಲ್ಲಿ ಬೇರೆ ಯಾವ ಐಸ್‌ಕ್ರೀಮೂ ಇದರ ಸಾಟಿಯಲ್ಲ.

ಮೇ ಕೊನೆ, ಗಾಳಿಯ ತೂಕ

ಅಂಗಡಿಯದಕ್ಕಿಂತ ನಮ್ಮದು ಯಾಕೆ ಗಟ್ಟಿ ಎಂದು ಮನೆಯಲ್ಲಿ ಪ್ರಶ್ನೆ ಎದ್ದಿತು. ಒಂದೇ ಬಟ್ಟಲನ್ನು ಮೊದಲು ಮಿಶ್ರಣದಿಂದ, ಆಮೇಲೆ ಆಗಷ್ಟೇ ಯಂತ್ರದಿಂದ ತೆಗೆದ ಐಸ್‌ಕ್ರೀಮಿನಿಂದ ತುಂಬಿಸಿ ತೂಗಿದರೆ ಉತ್ತರ ಸಿಗುತ್ತದೆ. ನೂರು ಮಿಲಿಲೀಟರ್ ಬಟ್ಟಲಿನಲ್ಲಿ ಮಿಶ್ರಣ 110 ಗ್ರಾಂ, ಐಸ್‌ಕ್ರೀಮ್ 85 ಗ್ರಾಂ ತೂಗಿದವು. ಅಂದರೆ ಗಾಳಿ ಸೇರಿ ಗಾತ್ರ ಶೇ. 30ರಷ್ಟು ಮಾತ್ರ ಹೆಚ್ಚಿದೆ. ಮೇಲೆ ಹೇಳಿದ ನಿಯಮದಲ್ಲಿಯೇ ಒಂದು ಲೀಟರ್ ಐಸ್‌ಕ್ರೀಮಿನ ತೂಕ 525 ಗ್ರಾಂಗಿಂತ ಕಡಿಮೆ ಇರಕೂಡದು ಎಂದೂ ಇದೆ. ಆ ಮಿತಿಯವರೆಗೆ ಹೋದ ಡಬ್ಬಿಯಲ್ಲಿ ಅರ್ಧಕ್ಕೂ ಮಿಕ್ಕಿ ಗಾಳಿಯೇ ಇರುತ್ತದೆ. ಇನ್ನು ಮುಂದೆ ಅಂಗಡಿಯಲ್ಲಿ ಡಬ್ಬಿ ಕೈಗೆತ್ತಿಕೊಂಡಾಗ ಲೀಟರಿನ ಜೊತೆಗೆ ಗ್ರಾಂ ಎಷ್ಟೆಂದು ನೋಡುವುದು ನನಗೆ ರೂಢಿಯಾದೀತು.

ಗಾಳಿ ಕಡಿಮೆಯಾದ್ದರಿಂದ ಮೈನಸ್ 18ರಲ್ಲಿ ನಮ್ಮದು ಚಮಚಕ್ಕೆ ಬಗ್ಗುವುದಿಲ್ಲ. ಕಟ್ಟೆಯ ಮೇಲಿಟ್ಟರೆ ಅಂಚು ನೀರಾಗಿ ನಡು ಕಲ್ಲಾಗಿಯೇ ಇರುತ್ತದೆ. ಬಡಿಸುವುದಕ್ಕೆ ಕಾಲು ಗಂಟೆ ಮುಂಚೆ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿದರೆ ಒಳಗೂ ಹೊರಗೂ ಒಂದೇ ಹದ ಬರುತ್ತದೆ.

ಜೂನ್

ಮಳೆಗಾಳಿಗೆ ಕರೆಂಟ್ ಹೋಗಿ ಬಹಳ ಹೊತ್ತು ಬರಲಿಲ್ಲ. ಡಬ್ಬಿಯಲ್ಲಿದ್ದದ್ದು ಪೂರ್ತಿ ಕರಗದೆ ಮೆತ್ತಗಾಗಿ, ಮತ್ತೆ ಗಟ್ಟಿಯಾಯಿತು. ಮರುದಿನ ತಿಂದಾಗ ಹಲ್ಲಿಗೆ ಹರಳು ಸಿಕ್ಕಿದವು. ಸುಮಾರು 50 ಮೈಕ್ರೋಮೀಟರಿಗಿಂತ ಸಣ್ಣ ಮಂಜಿನ ಹರಳುಗಳು ನಾಲಿಗೆಗೆ ಗೊತ್ತಾಗುವುದಿಲ್ಲ, ನುಣುಪೆಂದೇ ಅನ್ನಿಸುತ್ತದೆ. ಉಷ್ಣತೆ ಏರಿದಾಗ ಸಣ್ಣ ಹರಳುಗಳು ಕರಗುತ್ತವೆ, ಇಳಿದಾಗ ಆ ನೀರು ಹೊಸ ಹರಳಾಗದೆ ಉಳಿದ ದೊಡ್ಡ ಹರಳುಗಳ ಮೇಲೆ ಕೂತು ಅವನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಇದಕ್ಕೆ ಯಂತ್ರದಲ್ಲಿ ಪರಿಹಾರವಿಲ್ಲ. ಚಪ್ಪಟೆಯಾದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲ್ಮೈಗೆ ತಾಗುವಂತೆ ಹಾಳೆ ಮುಚ್ಚಿ, ಬಾಗಿಲಿನಿಂದ ದೂರ ಹಿಂಭಾಗಕ್ಕೆ ತಳ್ಳಿ, ವಾರದೊಳಗೆ ತಿಂದು ಮುಗಿಸುವುದೇ ಸರಿ. ಅರ್ಧ ಲೀಟರಿನ ಯಂತ್ರಕ್ಕೆ ಅದೇನೂ ಕಷ್ಟದ ಷರತ್ತಲ್ಲ.

ಬಾದಾಮಿ ಮಾವಿನ ಕೊನೆಯ ಹಣ್ಣುಗಳನ್ನೂ ಬಳಸಿದ್ದಾಯಿತು. ರಸದಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ ಇರುವುದರಿಂದ ದಪ್ಪ ತಳದ ಬಾಣಲೆಯಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬತ್ತಿಸಿ, ಆರಿಸಿ, ತಣ್ಣಗಿನ ಮಿಶ್ರಣಕ್ಕೆ ಬೆರೆಸಬೇಕು. ಫಲಿತಾಂಶ ಚೆನ್ನಾಗಿತ್ತು, ಆದರೆ ಅಂಥದು ಅಂಗಡಿಯಲ್ಲಿಯೂ ಸಿಗುತ್ತದೆ.

ಸೆಪ್ಟೆಂಬರ್, ಸೀತಾಫಲ

ಚಿತ್ರದುರ್ಗದ ಕಡೆಯ ಗುಡ್ಡಗಳಿಂದ ಸೀತಾಫಲ ಬರಲಾರಂಭಿಸಿದೆ. ಈ ಯಂತ್ರ ಕೊಂಡದ್ದು ಸಾರ್ಥಕ ಎನ್ನಿಸಿದ್ದು ಈ ಹಣ್ಣಿನಿಂದಲೇ. ಮಾವಿನ ಕ್ರಮ ಇದಕ್ಕೆ ಸಲ್ಲುವುದಿಲ್ಲ: ಸೀತಾಫಲದ ತಿರುಳನ್ನು ಕಾಯಿಸಿದರೆ ಬಣ್ಣ ಕೆಟ್ಟು ಕಹಿಯಾಗುತ್ತದೆ. ಬತ್ತಿಸುವಂತಿಲ್ಲ, ಹಸಿಯಾಗಿಯೇ ಹಾಕಬೇಕು. ಬೀಜ ಒಡೆಯಬಾರದ ಕಾರಣ ಮಿಕ್ಸಿಯೂ ಬೇಡ. ದೊಡ್ಡ ಕಣ್ಣಿನ ಜರಡಿಯ ಮೇಲೆ ತಿರುಳು ಹಾಕಿ ಬೆರಳಿನಿಂದ ಉಜ್ಜಿದರೆ ಕಪ್ಪು ಬೀಜಗಳು ಮೇಲೆ ಉಳಿದು, ಕೆಳಗೆ ಸಣ್ಣ ಹರಳಿನಂಥ ತಿರುಳು ಬೀಳುತ್ತದೆ. ಆ ಹರಳು ಹಣ್ಣಿನದು, ಅದನ್ನು ಹೋಗಲಾಡಿಸಬೇಕಾಗಿಲ್ಲ.

ತಿರುಳಿನಲ್ಲಿ ಐದರಲ್ಲೊಂದು ಪಾಲಿನಷ್ಟು ಸಕ್ಕರೆ ತಾನಾಗಿಯೇ ಇರುತ್ತದೆ. 150 ಗ್ರಾಂ ತಿರುಳು ಸೇರಿಸಿದಾಗ 30 ಗ್ರಾಂ ಸಕ್ಕರೆ ಬಂದಂತಾಯಿತು, ಆದ್ದರಿಂದ ಮೇಲಿನ ಪ್ರಮಾಣದ 75 ಗ್ರಾಂ ಸಕ್ಕರೆಯನ್ನು 55ಕ್ಕೆ ಇಳಿಸಿದೆ, ಹಾಲನ್ನು 230 ಗ್ರಾಂಗೆ ಇಳಿಸಿದೆ; ಬೆಣ್ಣೆ, ಪುಡಿ ಹಾಗೆಯೇ ಉಳಿದವು. ಪೂರ್ತಿ ತಗ್ಗಿಸದಿರುವುದಕ್ಕೆ ಕಾರಣವಿದೆ: ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಮಂದವಾಗುತ್ತದೆ, ಮಿಶ್ರಣ ಕುಡಿದು ನೋಡಿದಾಗ ಸ್ವಲ್ಪ ಅತಿಯೆನ್ನಿಸಬೇಕು. ತಿರುಳನ್ನು ಮೊದಲಿಗೇ ಹಾಕದೆ, ಮಿಶ್ರಣ ಅಲಗಿಗೆ ಅಂಟಿ ತಿರುಗುವ ಹದಕ್ಕೆ ಬಂದ ಮೇಲೆ, ಫ್ರಿಜ್ಜಿನಲ್ಲಿಟ್ಟು ತಣ್ಣಗಾದದ್ದನ್ನು ಚಮಚ ಚಮಚವಾಗಿ ಬಿಟ್ಟೆ. ಇಪ್ಪತ್ತೈದು ನಿಮಿಷಕ್ಕೆ ಥರ್ಮಾಮೀಟರು ಮೈನಸ್ 5 ತೋರಿಸಿತು.

ದೀಪಾವಳಿಗೆ ಬೆಲ್ಲದ್ದು ಮಾಡುವ ವಿಚಾರವಿದೆ. ಬೆಲ್ಲವನ್ನು ಹಾಲಿನೊಂದಿಗೆ ಕುದಿಸಿದರೆ ಒಡೆಯುವ ಭಯವಿರುವುದರಿಂದ ಕರಗಿಸಿ, ಸೋಸಿ, ಆರಿದ ಮಿಶ್ರಣಕ್ಕೆ ಹಾಕಬೇಕು. ಅದರಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಘನೀಭವಿಸುವ ಬಿಂದುವನ್ನು ಸಕ್ಕರೆಗಿಂತ ಹೆಚ್ಚು ಕೆಳಗೆ ತಳ್ಳುವುದರಿಂದ ಪೂರ್ತಿ ಬೆಲ್ಲವೇ ಆದರೆ ಈ ಬಟ್ಟಲಿನ ತಂಪಿಗೆ ಗಟ್ಟಿಯಾಗಲಾರದು ಎಂದು ನನ್ನ ಅಂದಾಜು. ಆದ್ದರಿಂದ ಅರ್ಧ ಬೆಲ್ಲ, ಅರ್ಧ ಸಕ್ಕರೆಯಿಂದ ಆರಂಭಿಸುತ್ತೇನೆ.