ರಕ್ತನಾಳದ ಮಾದರಿ: ಆರನೇ ವಾರ

ಕೊಳವೆ ಸೋರುವುದು ಕೊನೆಗೂ ನಿಂತಿದೆ. ಈಸ್ಟ್ರೋಜನ್ ರಿಸೆಪ್ಟರ್‌ಗಳು (ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದು ಅದರ ಸಂದೇಶವನ್ನು ಜೀವಕೋಶಕ್ಕೆ ಮುಟ್ಟಿಸುವ ಪ್ರೋಟೀನುಗಳು) ರಕ್ತನಾಳದಲ್ಲಿ ಮಾಡುವ ಕೆಲಸವನ್ನು ಮೇಜಿನ ಮೇಲೆ ತೋರಿಸುವ ಮಾದರಿ ಇದು. ಸಿಲಿಕೋನ್ ಕೊಳವೆ, ಅಕ್ವೇರಿಯಂ ಪಂಪು, ಕೊಳವೆಯನ್ನು ಹಿಚುಕುವ ಸರ್ವೋ ಮೋಟರ್, ಇವನ್ನು ನಡೆಸಲು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಫಲಕ. ಹಾರ್ಮೋನ್ ಪಾತ್ರದಲ್ಲಿ ಅಂಗಿಯ ಗುಂಡಿಯಷ್ಟು ಅಯಸ್ಕಾಂತ.

ಹೆಸರಿನಲ್ಲೇ ಮೊದಲು ಎಡವಿದೆ. ಪಠ್ಯಪುಸ್ತಕದಂತೆ ‘ಗ್ರಾಹಕ’ ಎಂದು ಚೀಟಿ ಅಂಟಿಸಿದ್ದೆ. ನೋಡಿದವರೊಬ್ಬರು "ಅಂಗಡಿ ಎಲ್ಲಿ?" ಎಂದರು. ಕಿತ್ತು ‘ರಿಸೆಪ್ಟರ್’ ಎಂದೇ ಬರೆದೆ.

ದೊಡ್ಡ ತಪ್ಪು ಕೋಡಿನಲ್ಲಿತ್ತು. ಅಯಸ್ಕಾಂತ ಇಟ್ಟ ಕೂಡಲೇ ಕೊಳವೆ ನಲ್ಲಿಯ ಹಾಗೆ ಫಕ್ಕನೆ ತೆರೆಯುತ್ತಿತ್ತು, ತೆಗೆದರೆ ಮುಚ್ಚುತ್ತಲೇ ಇರಲಿಲ್ಲ. ರಕ್ತನಾಳ ಹಾಗಲ್ಲ. ಒಳಪದರದ ಜೀವಕೋಶಗಳ ಪೊರೆಯಲ್ಲಿರುವ ಆಲ್ಫಾ ಎಂಬ ಬಗೆಯ ರಿಸೆಪ್ಟರ್‌ಗೆ ಎಸ್ಟ್ರಾಡಯೋಲ್ (ದೇಹದ ಮುಖ್ಯ ಈಸ್ಟ್ರೋಜನ್) ಅಂಟಿದ ಕೆಲವೇ ನಿಮಿಷಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಸುವ ಕಿಣ್ವ ಚುರುಕಾಗುತ್ತದೆ. ಆ ಅನಿಲ ಪಕ್ಕದ ಸ್ನಾಯುಕೋಶಕ್ಕೆ ನುಸುಳಿ, ಅಲ್ಲಿ ಸಿಜಿಎಂಪಿ ಎಂಬ ಸಂದೇಶವಾಹಕ ಅಣುವನ್ನು ಏರಿಸಿ ಕ್ಯಾಲ್ಸಿಯಂ ಇಳಿಸುತ್ತದೆ, ಸ್ನಾಯು ಸಡಿಲಗೊಳ್ಳುತ್ತದೆ. ಅನಿಲದ ಆಯುಸ್ಸೋ ಸೆಕೆಂಡುಗಳಷ್ಟೇ. ತಯಾರಿಕೆ ನಿಂತರೆ ನಾಳ ಮತ್ತೆ ಬಿಗಿ. ಈಗ ಸರ್ವೋ ಮೆಲ್ಲಗೆ ಸಡಿಲಾಗಿ, ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಈ ನಾಲ್ಕು ಸಾಲಿನ ಕೋಡಿಗೆ ಎರಡು ಸಂಜೆ ಹೋದವು.

ಇನ್ನೊಂದು ದಾರಿ ನಿಧಾನದ್ದು. ಹಾರ್ಮೋನ್ ಹಿಡಿದ ರಿಸೆಪ್ಟರ್ ಕೋಶಕೇಂದ್ರದಲ್ಲಿ ಡಿಎನ್‌ಎ ಮೇಲೆ ಕೂತು ಜೀನ್‌ಗಳನ್ನು ಏರಿಸುತ್ತದೆ, ಇಳಿಸುತ್ತದೆ. ಇದಕ್ಕೆ ಗಂಟೆಗಳು ಬೇಕು. ಮಾದರಿಯಲ್ಲಿ 1 ಸೆಕೆಂಡ್ ಅಂದರೆ 5 ನಿಮಿಷ ಎಂದಿಟ್ಟುಕೊಂಡಿದ್ದೇನೆ. ಹಾಗಾಗಿ 5 ಗಂಟೆಯ ಕೆಲಸಕ್ಕೆ ಹಸಿರು ದೀಪ ಹತ್ತಲು ಪೂರ್ತಿ ಒಂದು ನಿಮಿಷ. ಅಷ್ಟರಲ್ಲಿ ನೋಡುವವರು ಎದ್ದು ಹೋಗುತ್ತಾರೆ. ಹೋಗಲಿ, ಆ ಕಾಯುವಿಕೆಯನ್ನು ಕತ್ತರಿಸಲು ಮನಸ್ಸಿಲ್ಲ.

ಮಾದರಿಯ ಮೇಲೆ ‘ಹೆಣ್ಣಿನ ರಕ್ತನಾಳ’ ಎಂದು ಬರೆದಿದ್ದೆ. ಅದನ್ನು ಅಳಿಸಿದ್ದು 1994ರಲ್ಲಿ ವರದಿಯಾದ ಒಂದು ಪ್ರಕರಣ ಓದಿದ ಮೇಲೆ. 28 ವರ್ಷದ ಗಂಡಸು, ಎತ್ತರ 204 ಸೆಂಟಿಮೀಟರ್. ಆಲ್ಫಾ ರಿಸೆಪ್ಟರ್ ಜೀನ್ ಕೆಟ್ಟಿತ್ತು. ರಕ್ತದಲ್ಲಿ ಈಸ್ಟ್ರೋಜನ್ ಹೇರಳ, ಕೇಳಿಸಿಕೊಳ್ಳುವವರೇ ಇಲ್ಲ. ಮೂಳೆಗಳು ಬೆಳೆಯುವುದು ನಿಂತೇ ಇರಲಿಲ್ಲ. ಮುಂದೆ ಪರೀಕ್ಷಿಸಿದಾಗ ಅವನ ನಾಳಗಳು ಸರಿಯಾಗಿ ಹಿಗ್ಗುತ್ತಿರಲಿಲ್ಲ, ಅಷ್ಟು ಎಳೆ ವಯಸ್ಸಿನಲ್ಲೇ ಹೃದಯದ ಧಮನಿಯಲ್ಲಿ ಕ್ಯಾಲ್ಸಿಯಂ ಕಟ್ಟಿತ್ತು. ಒಬ್ಬನ ಕತೆಯಿಂದ ನಿಯಮ ಹುಟ್ಟುವುದಿಲ್ಲ, ಗೊತ್ತು. ಆದರೂ ಚೀಟಿ ಬದಲಾಯಿತು.

ಕಷ್ಟ ಇರುವುದು ‘ಹಳೆಯ ಗೋಡೆ’ಯಲ್ಲಿ, ಅಂದರೆ ವಯಸ್ಸಾದ ರಕ್ತನಾಳವನ್ನು ತೋರಿಸುವುದರಲ್ಲಿ. 2002ರಲ್ಲಿ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಧ್ಯಯನ, ಮುಟ್ಟು ನಿಂತ 16,608 ಮಹಿಳೆಯರಿದ್ದ ಈಸ್ಟ್ರೋಜನ್-ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಹಾರ್ಮೋನಿನಂಥ ಔಷಧ) ಪ್ರಯೋಗವನ್ನು ನಡುವೆಯೇ ನಿಲ್ಲಿಸಿತು. ಹೃದಯಕ್ಕೆ ಕಾವಲು ಸಿಕ್ಕೀತೆಂಬ ನಿರೀಕ್ಷೆ ತಲೆಕೆಳಗಾಗಿತ್ತು. ಅವರ ಸರಾಸರಿ ವಯಸ್ಸು 63. 2016ರ ಎಲೈಟ್ ಪ್ರಯೋಗದಲ್ಲಿ, ಮುಟ್ಟು ನಿಂತು 6 ವರ್ಷ ತುಂಬದವರಲ್ಲಿ ಎಸ್ಟ್ರಾಡಯೋಲ್ ಕತ್ತಿನ ಧಮನಿಯ ಗೋಡೆ ದಪ್ಪವಾಗುವುದನ್ನು ನಿಧಾನಗೊಳಿಸಿತು. 10 ವರ್ಷ ದಾಟಿದವರಲ್ಲಿ ಇಲ್ಲ. ಹಾರ್ಮೋನ್ ಅದೇ, ಗೋಡೆ ಬೇರೆ. ಇದನ್ನು ತೋರಿಸಲು ದಪ್ಪ ಕೊಳವೆಗೆ ಒಳಗಿನಿಂದ ಪುಟ್ಟಿ ಬಳಿದೆ. ನೀರಿಗೆ ಪುಟ್ಟಿ ಕಳಚಿ ಪಂಪಿನ ಬಾಯಿಗೆ ಸಿಕ್ಕಿತು. ಪಂಪು ಸತ್ತಿತು. ಒಂದು ರೀತಿಯಲ್ಲಿ ಅದೇ ಸರಿಯಾದ ಪ್ರಾತ್ಯಕ್ಷಿಕೆ, ದುಬಾರಿಯಾಯಿತು ಅಷ್ಟೇ.

1996ರಲ್ಲಿ ಪತ್ತೆಯಾದ ಬೀಟಾ ರಿಸೆಪ್ಟರ್‌ಗೆ ಕೊರೆದ ತೂತು ಇನ್ನೂ ಖಾಲಿ. ಅದಕ್ಕಿಂತ ಮೊದಲು ಯಕೃತ್ತಿಗೊಂದು ಡಬ್ಬಿ ಜೋಡಿಸಬೇಕು: ನುಂಗಿದ ಈಸ್ಟ್ರೋಜನ್ ಅಲ್ಲಿ ಹಾದು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ, ಅದು ಮಾದರಿಯಲ್ಲಿ ಎಲ್ಲೂ ಇಲ್ಲ. ಹೊಸ ಪಂಪಿಗೆ ಜಾಲರಿ ಹಾಕಿಯೇ ಮುಂದುವರಿಯುತ್ತೇನೆ.