ಅಜ್ಜನ ಬಿಲ್ಲೆ

18 ಆಗಸ್ಟ್ 2024, ಭಾನುವಾರ
ಓಸ್ಲೋ

ಕೆಳಗಿನ ಮನೆಯ ಅಜ್ಜ ನಿನ್ನೆ ಕೋಟಿಗೆ ಹೊಸ ಬಿಲ್ಲೆ ಚುಚ್ಚಿಕೊಂಡಿದ್ದರು. ಹಳೇ ಮರದ ಪೆಟ್ಟಿಗೆಗಳ ಮೇಲೆ ಹೂಬಳ್ಳಿ ಬರೆಯುವ ಮನುಷ್ಯ ಅವರು. ಇಲ್ಲಿ ಅದಕ್ಕೆ ರೋಸೆಮಾಲಿಂಗ್ ಎನ್ನುತ್ತಾರೆ. ಕಲೆಯ ಅಭಿಮಾನಿಗಳ ಖಾಸಗಿ ಕೂಟವೊಂದು ಅವರನ್ನು ತನ್ನ 'ಆರ್ಡರ್'ಗೆ, ಅಂದರೆ ಗೌರವ ಪಡೆದವರ ಬಳಗಕ್ಕೆ, ಸೇರಿಸಿಕೊಂಡಿದೆಯಂತೆ. "ರಾಜರು ಕೊಟ್ಟದ್ದಾ?" ಎಂದು ಕೇಳಿಬಿಟ್ಟೆ. ಅಜ್ಜ ಜೋರಾಗಿ ನಕ್ಕರು. ರಾಜರದ್ದು ಸಂತ ಓಲಾವ್ ಆರ್ಡರ್, 1847ರಲ್ಲಿ ಶುರುವಾದದ್ದು. ಇದು ಹತ್ತು ಜನ ಸೇರಿ, ಊಟ ಹಾಕಿಸಿ ಕೊಟ್ಟ ಬಿಲ್ಲೆ.

ರಾಜರ ಪದಕವಾದ ಮಾತ್ರಕ್ಕೆ ಬಾಳುತ್ತದೆ ಅಂತೇನಿಲ್ಲ. ಆಗ ಸ್ವೀಡನ್, ನಾರ್ವೆ ಎರಡಕ್ಕೂ ದೊರೆಯಾಗಿದ್ದ ಎರಡನೇ ಆಸ್ಕರ್ 1904ರ ಜನವರಿಯಲ್ಲಿ 'ನಾರ್ವೆಯ ಸಿಂಹ' ಎಂಬ ದೊಡ್ಡ ಗೌರವ ಹುಟ್ಟುಹಾಕಿದ. ಸ್ವೀಡನ್ನಿಗೆ ಇರುವಂಥದ್ದು ನಾರ್ವೆಗೂ ಬೇಕು ಅಂತ. ಮರುವರ್ಷವೇ ಎರಡೂ ದೇಶ ಬೇರೆಯಾದವು. ಹೊಸ ದೊರೆ ಏಳನೇ ಹೋಕನ್ ಅದನ್ನು ಯಾರಿಗೂ ಕೊಡಲಿಲ್ಲ. 1952ರಲ್ಲಿ ರದ್ದೇ ಮಾಡಿದ. ಪಾಪದ ಸಿಂಹ!

ಇವತ್ತು ರೈಲು ಹತ್ತಿ ಲಿಲ್ಲೆಹಾಮರ್‌ಗೆ ಹೋಗಿದ್ದೆವು, ಮೈಹೌಗೆನ್ ಎಂಬ ಹಳೇ ಮನೆಗಳ ಬಯಲು ಮ್ಯೂಸಿಯಂ ನೋಡಲು. ಅದು ತೆರೆದದ್ದೂ ಅದೇ 1904ರಲ್ಲಿ. ಇದರ ಹಿಂದಿರುವವನು ದೊರೆಯಲ್ಲ, ಹಲ್ಲಿನ ಡಾಕ್ಟರು, ಆಂಡರ್ಸ್ ಸಾಂಡ್ವಿಗ್. ಶ್ವಾಸಕೋಶದ ಕಾಯಿಲೆಗೆ ಒಳ್ಳೇ ಗಾಳಿ ಬೇಕೆಂದು 1885ರಲ್ಲಿ ಆ ಊರಿಗೆ ಬಂದವನು. ಗುಡ್‌ಬ್ರಾಂಡ್ಸ್‌ಡಾಲೆನ್ ಕಣಿವೆಯ ಹಳ್ಳಿಹಳ್ಳಿ ಸುತ್ತಿ ಹಲ್ಲು ಕೀಳುತ್ತಿದ್ದ. ಬರುವಾಗ ಹಳೇ ಕುರ್ಚಿ, ಬಟ್ಟಲು, ಪೆಟ್ಟಿಗೆ ಹೊತ್ತು ತರುತ್ತಿದ್ದ. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿಸಿ ತಂದು ತನ್ನ ತೋಟದಲ್ಲಿ ನಿಲ್ಲಿಸತೊಡಗಿದ. ಹೆಂಡತಿ ಏನಂದಳೋ! 1901ರಲ್ಲಿ ಊರಿನದೇ ಒಂದು ಸಂಘ ಆ ಸಂಗ್ರಹವನ್ನು ಕೊಂಡುಕೊಂಡಿತು. ಕೊರಳಿಗೆ ಹಾಕುವ ಪದಕಕ್ಕಿಂತ ಇದು ಜಾಸ್ತಿ ಅಲ್ವಾ? ಹಾಗಂತ ನನಗನಿಸಿತು. ಇವರು ಒಪ್ಪಲಿಲ್ಲ, "ದುಡ್ಡೂ ಬೇಕು, ಪದಕವೂ ಬೇಕು" ಎಂದರು.

ಗಾರ್ಮೋ ಚರ್ಚಿನೆದುರು ನಾವಿಬ್ಬರೂ ಸುಮ್ಮನಾದೆವು. ಟಾರಿನ ವಾಸನೆ, ಕಪ್ಪು ಮರ, ಒಳಗೆ ಮಬ್ಬು ಬೆಳಕು. ಮಧ್ಯಯುಗದ ಈ ಮರದ ಚರ್ಚನ್ನು 1880ರಲ್ಲಿ ಕೆಡವಿ, ತುಂಡುತುಂಡಾಗಿ ಮಾರಿದ್ದರು. ಸಾಂಡ್ವಿಗ್ ಆ ತುಂಡುಗಳನ್ನು ಕೂಡಿಹಾಕಿದ. 1920ರ ಸುಮಾರಿಗೆ ಅದು ಇಲ್ಲಿ ಮತ್ತೆ ಎದ್ದು ನಿಂತಿತು. ನಲವತ್ತು ವರ್ಷ ಚದುರಿಹೋಗಿದ್ದ ಚರ್ಚು! ನಾನಂತೂ ಬಾಗಿಲ ಮರವನ್ನು ಮುಟ್ಟಿ ಮುಟ್ಟಿ ನೋಡಿದೆ.

ರೈಲಿನಲ್ಲಿ ಬರುವಾಗ ಅಜ್ಜನಿಗೆ ಚರ್ಚಿನ ಫೋಟೊ ಕಳಿಸಿದೆ. ಅಲ್ಲಿನ ಮನೆಗಳ ಪೆಟ್ಟಿಗೆಗಳ ಮೇಲಿನ ಹೂಬಳ್ಳಿಯನ್ನು ಹತ್ತಿರದಿಂದ ತೆಗೆದದ್ದು ಇದೆಯಾ ಎಂದು ಕೇಳಿದ್ದಾರೆ. ಒಂದೂ ತೆಗೆದಿರಲಿಲ್ಲ.