ಗದ್ದೆಯೇ ಇಲ್ಲದ ಕಟ್ಟೆ

ಕೊಡಗಿನ ನಾಪೋಕ್ಲು ಕಡೆಯ ನಮ್ಮ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡಲಾಗಿ ಹಳೆಯ ಕಿಂಡಿ ಅಣೆಕಟ್ಟು ಒಂದಿದೆ. ಅದರ ನೀರು ನಂಬಿದ್ದ ಗದ್ದೆಗಳಲ್ಲಿ ಕೆಲವು ಕಾಫಿ ತೋಟವಾದವು, ಉಳಿದವು ಪಾಳುಬಿದ್ದಿವೆ. ಕಿಂಡಿಗಳಿಗೆ ಹಾಕಿ ನೀರು ನಿಲ್ಲಿಸುತ್ತಿದ್ದ ಹಲಗೆಗಳನ್ನು ಗೆದ್ದಲು ತಿಂದಿತು, ಕಾಲುವೆ ಮುಚ್ಚಿಹೋಯಿತು. ಈಗಿರುವುದು ಬರೀ ಕಾಂಕ್ರೀಟು. ಅದನ್ನು ತೆಗೆಸಲೇಬೇಕು ಎಂಬುದು ನನ್ನ ಹಟ.

ಕಿಂಡಿ ತೆರೆದೇ ಇದೆಯಲ್ಲ, ಮೀನಿಗೇನು ಅಡ್ಡಿ ಎಂದು ಕೇಳುತ್ತಾರೆ. ಮುಂಗಾರಿನ ಮೊದಲ ಮಳೆಗೆ ಅಲ್ಲಿ ನಿಂತು ನೋಡಬೇಕು. ನೀರಿನ ಹೊಡೆತ ತಡೆಯಲು ಕಿಂಡಿಯ ಕೆಳಗೆ ಕಾಂಕ್ರೀಟು ಹಾಸು ಹಾಕಿದ್ದಾರೆ. ಅದರ ಅಂಚಿನ ಮಣ್ಣು ವರ್ಷ ವರ್ಷವೂ ಕೊಚ್ಚಿಹೋಗಿ, ಹಾಸು ಈಗ ತೋಡಿನ ತಳದಿಂದ ಸೊಂಟದೆತ್ತರದಲ್ಲಿದೆ. ಹತ್ತುಮೀನುಗಳು, ಅಂದರೆ ಮೊಟ್ಟೆಯಿಡಲು ತೋಡು ಹತ್ತಿ ಬರುವ ಮೀನುಗಳು, ಹೇಗೋ ಎಗರಿ ಹಾಸಿನ ಮೇಲೆ ಬೀಳುತ್ತವೆ. ಅಲ್ಲಿ ನೀರು ನಾಲ್ಕು ಬೆರಳು ಆಳವಿಲ್ಲ, ಸೆಳೆತ ಮಾತ್ರ ವಿಪರೀತ. ಬಾಲ ಬಡಿಯುವಷ್ಟೂ ನೀರು ಸಿಗದೆ ಮಗುಚಿಕೊಂಡು ಜಾರುತ್ತವೆ, ಮತ್ತೆ ಎಗರುತ್ತವೆ. ಕೆಳಗೆ ಬಲೆ ಹಿಡಿದವರಿಗೆ ಸುಗ್ಗಿ. ನನಗಂತೂ ನೋಡಲಾಗುವುದಿಲ್ಲ.

ಕಟ್ಟಿದ್ದನ್ನು ಯಾರಾದರೂ ಒಡೆಯುತ್ತಾರೆಯೇ ಎನ್ನುವವರಿಗೆ ಅಮೆರಿಕದ ಎಲ್ವಾ ನದಿಯನ್ನು ತೋರಿಸುತ್ತೇನೆ. 1913 ಮತ್ತು 1927ರಲ್ಲಿ ಅಲ್ಲಿ ಮುಗಿದ ಎರಡು ಅಣೆಕಟ್ಟುಗಳಲ್ಲಿ ಮೀನಿಗೆ ದಾರಿಯೇ ಇರಲಿಲ್ಲ. ಮೊಟ್ಟೆಯಿಡಲು ಸಮುದ್ರದಿಂದ ಬಂದ ಸಾಲ್ಮನ್ ಮೀನುಗಳು ಎಂಟು ಕಿಲೋಮೀಟರ್‌ಗೇ ನಿಲ್ಲಬೇಕಿತ್ತು. 2011ರಿಂದ 2014ರ ನಡುವೆ ಎರಡನ್ನೂ ತೆಗೆದರು. ಹೂಳು ಒಮ್ಮೆಲೇ ನುಗ್ಗದಂತೆ ಹಂತಹಂತವಾಗಿ ತೆಗೆದರು ಎಂಬುದು ನಾವು ಕಲಿಯಬೇಕಾದ ಪಾಠ. ಅದೇ ದೇಶದ ಕ್ಲಾಮತ್ ನದಿಯಲ್ಲಿ 2024ರಲ್ಲಿ ನಾಲ್ಕು ಅಣೆಕಟ್ಟು ತೆಗೆದು ಮುಗಿಸಿದ ಕೆಲವೇ ವಾರಗಳಲ್ಲಿ ಸಾಲ್ಮನ್‌ಗಳು ಅವಿದ್ದ ಜಾಗ ದಾಟಿ ಮೇಲೇರಿದ್ದವು.

ಹಾರಂಗಿ ಅಣೆಕಟ್ಟು ಒಡೆಯಿರಿ ಎಂದು ನಾನು ಹೇಳುತ್ತಿಲ್ಲ, ಅದರ ನೀರಿನಲ್ಲಿ ಬದುಕುವ ರೈತರಿದ್ದಾರೆ. ಯಾರಿಗೂ ಬೇಡವಾದ ಕಟ್ಟೆಗಳ ಮಾತು ನನ್ನದು. ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಮೀನು ಇಂದು ಅಳಿವಿನ ಅಂಚಿನಲ್ಲಿದೆ. ಅದು ನಮ್ಮ ತೋಡಿಗೆ ಹತ್ತುವ ಮೀನಲ್ಲ. ಆದರೆ ಅದು ಬದುಕುವ ಹೊಳೆಗೆ ನೀರು ಹೋಗುವುದು ಇಂಥ ತೋಡುಗಳಿಂದಲೇ.

ಕಟ್ಟೆ ಹೋದರೆ ಬಾವಿ ಬತ್ತೀತು ಎಂಬುದು ಪಕ್ಕದ ತೋಟದ ಹಿರಿಯರ ಆತಂಕ. ಆದರೆ ಹಲಗೆಯಿಲ್ಲದ ಕಟ್ಟೆಯ ಹಿಂದೆ ಬೇಸಿಗೆಯಲ್ಲಿ ನಿಲ್ಲುವುದು ಕೆಸರು ಮಾತ್ರ. ಗ್ರಾಮಸಭೆಯಲ್ಲಿ ನಾನು ಕೇಳುವುದಿಷ್ಟು: ಇಲಾಖೆಯ ಒಪ್ಪಿಗೆ ಪಡೆಯೋಣ, ಮಾರ್ಚ್‌ನಲ್ಲಿ ನೀರು ಇಳಿದಾಗ ಹೂಳೆತ್ತಿ ತೋಟಗಳಿಗೆ ಹಾಕಿಕೊಳ್ಳೋಣ, ಆಮೇಲೆ ಕಟ್ಟೆ, ಹಾಸು ಎರಡನ್ನೂ ಒಡೆದು ಆ ಜಾಗದಲ್ಲಿ ಇಳಿಜಾರಾಗಿ ಕಲ್ಲು ಜೋಡಿಸೋಣ. ಜೆಸಿಬಿ ಬಾಡಿಗೆಯಲ್ಲಿ ನನ್ನ ಪಾಲು ಕೊಡಲು ನಾನು ಸಿದ್ಧ.